ಪೊರಕೆಯೂ ಸರದಿಯೂ

ಜಪಾನ್ ದೇಶದ ಮಕ್ಕಳು ತಮ್ಮ ಶಾಲೆಯನ್ನು ತಾವೇ ಗುಡಿಸುವರೆಂಬ ಸಂಗತಿಯನ್ನು ಈಚೆಗೆ ನಮ್ಮಲ್ಲಿ ಕೇಳದವರು ವಿರಳ. ಹಳ್ಳಿಮೈಸೂರಿನಂತಹ ಊರಿನಲ್ಲಿಯೂ ಪೋಷಕರ ಸಭೆ ಸೇರಿತೆಂದರೆ ಯಾರಾದರೊಬ್ಬರು ಎದ್ದುನಿಂತು ಆ ಮಕ್ಕಳನ್ನು ಹೊಗಳದೆ ಕುಳಿತುಕೊಳ್ಳರು. ಹೊಗಳಿಕೆಯೇನೋ ಯುಕ್ತವೇ. ಆದರೆ ಹೊಗಳುವವರು ಪೊರಕೆಯನ್ನು ಕಂಡಿರುವರೇ ಹೊರತು ಸರದಿಯನ್ನು ಕಂಡಿಲ್ಲವೆಂದು ನನ್ನ ಅಭಿಪ್ರಾಯ.

ನಮ್ಮ ಮಕ್ಕಳು ಬೇಸಗೆಯ ರಜ ಕಳೆದು, ಮುಂಗಾರಿನ ಬಿತ್ತನೆಯ ಗಡಿಬಿಡಿಯ ನಡುವೆ ಶಾಲೆಗೆ ಬರುವರು. ಅಲ್ಲಿಯ ಶಾಲಾವರ್ಷವು ಏಪ್ರಿಲಿನಲ್ಲಿ ಮೊದಲಾಗಿ ಮಾರ್ಚಿಯಲ್ಲಿ ಮುಗಿಯುವುದು. ಮಗುವು ಬಾಗಿಲಿನಲ್ಲಿಯೇ ಬೀದಿಯ ಪಾದರಕ್ಷೆಯನ್ನು ಕಳಚಿ ಒಳಗಿನದನ್ನು ಮೆಟ್ಟಿಕೊಳ್ಳುವುದು. ಶಾಲೆಯ ಊಟಕ್ಕೆ ಆ ದೇಶದಲ್ಲಿ 1954ರಿಂದ ಕಾನೂನಿನ ಆಧಾರವುಂಟು. ಪ್ರಾಥಮಿಕ ಶಾಲೆಗಳಲ್ಲಿ ಸರದಿಯ ಮಕ್ಕಳು ಬಿಳಿಯ ಟೊಪ್ಪಿಗೆಯನ್ನೂ ಮೇಲಂಗಿಯನ್ನೂ ತೊಟ್ಟು ಸಹಪಾಠಿಗಳಿಗೆ ಬಡಿಸುವರು. ಉಪಾಧ್ಯಾಯರೂ ಅದೇ ಕೋಣೆಯಲ್ಲಿ ಅದೇ ಊಟವನ್ನು ಮಾಡುವರು. ಬಳಿಕ ಗುಡಿಸಿ ಒರೆಸುವ ಹೊತ್ತು. ಹುಡುಗನೆಂದಿಲ್ಲ, ಹುಡುಗಿಯೆಂದಿಲ್ಲ, ಸಿರಿವಂತರ ಮಗುವಿಗೂ ವಿನಾಯಿತಿಯಿಲ್ಲ.

ನಮ್ಮಲ್ಲಿಯೋ? ಗುಡಿಸುವುದು, ನೀರು ಚಿಮುಕಿಸುವುದು, ರಂಗೋಲಿ ಹಾಕುವುದು ಹೆಣ್ಣುಮಕ್ಕಳ ಪಾಲು. ಬೆಂಚು ಸಾಗಿಸುವುದು ಹುಡುಗರ ಪಾಲು. ಇದಕ್ಕಿಂತ ಕೆಟ್ಟದ್ದೂ ಉಂಟು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲಗುಂಡಿಗೆ ಇಳಿಸಿ ಶುಚಿಮಾಡಿಸಿದ ಸುದ್ದಿಯನ್ನು ನಾವೆಲ್ಲರೂ ಓದಿದೆವು. ಯಾವ ಮಗುವಿಗೆ ಪೊರಕೆ ಕೊಡಬೇಕೆಂಬುದನ್ನು ಜಾತಿ ನೋಡಿ ನಿಶ್ಚಯಿಸುವಲ್ಲಿ, ಶ್ರಮದ ಗೌರವವೆಂಬುದು ಬರಿಯ ಬಾಯಿಮಾತು. ಅಂತಹ ಮಗುವಿನ ತಂದೆತಾಯಿಗಳು ಸಿಟ್ಟಾದರೆ ಅದು ನ್ಯಾಯವೇ ಸರಿ.

ಹಾಗೆಂದು ಪೊರಕೆಯನ್ನೇ ಶಾಲೆಯಿಂದ ಹೊರಗೆಸೆಯಬೇಕೆಂಬ ಪಕ್ಷ ನನ್ನದಲ್ಲ. ಶೌಚಾಲಯವನ್ನು ತಕ್ಕ ಸಂಬಳ ಪಡೆಯುವ ಕೆಲಸಗಾರರು, ತಕ್ಕ ಸಲಕರಣೆಗಳೊಡನೆ ತೊಳೆಯಲಿ. ತರಗತಿಯ ಕೋಣೆಯನ್ನು ಮಾತ್ರ ಹಾಜರಿಪುಸ್ತಕದ ಕ್ರಮದಲ್ಲಿ ಎಲ್ಲ ಮಕ್ಕಳೂ ಗುಡಿಸಲಿ; ಉಪಾಧ್ಯಾಯರ ಹೆಸರೂ ಆ ಪಟ್ಟಿಯಲ್ಲಿರಲಿ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಊಟವನ್ನು ಬಡಿಸುವುದಕ್ಕೂ ಹೀಗೆಯೇ ಸರದಿಯಿರಲಿ. ಯಾರ ಕೈಯ ಅನ್ನವನ್ನು ಯಾರು ಒಲ್ಲೆನೆನ್ನುವರೆಂಬುದು ಆಗ ಬಯಲಾಗುವುದು; ಆಗಲಿ.

ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದ ನಮಗೆ ಬೆಂಚು ಹೊರಲು ಹುಡುಗರಿರಲಿಲ್ಲ. ಗುಡಿಸಿದವರೂ ನಾವೇ, ಹೊತ್ತವರೂ ನಾವೇ. ಈಗ ನಮ್ಮ ಗಂಡುಮಕ್ಕಳು ಬೇರೆ ಬೇರೆ ಶಾಲೆಗಳಲ್ಲಿ ಓದುತ್ತಿರುವರು. ಅಲ್ಲಿ ಇಂತಹ ಪಟ್ಟಿಯೊಂದು ಗೋಡೆಗೆ ಬಂದರೆ ಮೊದಲು ಆಕ್ಷೇಪಿಸುವವಳು, ಮನೆಯಲ್ಲಿ ಮಗನ ಕೈಗೆ ಪೊರಕೆ ಕೊಡದ ತಾಯಿ. ಆಕೆ ನಮ್ಮ ತರಗತಿಯವಳೇ ಆಗಿದ್ದರೂ ಆಶ್ಚರ್ಯವಿಲ್ಲ.