ನಿಮ್ಮ ಪಟ್ಟಿಯಲ್ಲಿ ಕನ್ನಡಕ್ಕೆ ಸೊನ್ನೆ ಯಾಕೆ ಸ್ವಾಮಿ?

ಕನ್ನಡದ ತರುಣರೇ,

ವರ್ಷಕ್ಕೊಮ್ಮೆ ಪತ್ರಿಕೆಗಳಲ್ಲಿ ಒಂದು ಸುದ್ದಿ ಬರುತ್ತದೆ, ನೋಡಿರುತ್ತೀರಿ. ಜಗತ್ತಿನ ಶೇಕಡಾ 2ರಷ್ಟು ಶ್ರೇಷ್ಠ ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಕಾಲೇಜಿನ ಪ್ರಾಧ್ಯಾಪಕರು! ಫೋಟೋ, ಹಾರ, ಶಾಲು, ಫ್ಲೆಕ್ಸು. ಸಂತೋಷವೇ. ಆದರೆ ಈ ಶ್ರೇಷ್ಠತೆಯನ್ನು ಅಳೆದ ಸೇರು ಯಾರದು ಅಂತ ಒಬ್ಬರಾದರೂ ಕೇಳಿದ್ದೀರಾ?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು 2019ರಲ್ಲಿ ಶುರು ಮಾಡಿದ ಪಟ್ಟಿ ಇದು. ಲೆಕ್ಕದ ಮಾಹಿತಿಯೆಲ್ಲ ಸ್ಕೋಪಸ್ ಎಂಬ ಭಂಡಾರದ್ದು. ಅದರ ಒಡೆಯರು ಎಲ್ಸೆವಿಯರ್ ಎಂಬ ಡಚ್ ಪ್ರಕಾಶನ ಕಂಪನಿ. ಸರಕು ಮಾರುವವನ ಕೈಯಲ್ಲೇ ತಕ್ಕಡಿ! ಒಬ್ಬರ ಪ್ರಬಂಧವನ್ನು ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದರು ಎಂಬುದೇ ಅಳತೆ. ಆ ಭಂಡಾರಕ್ಕೆ ಒಂದು ನಿಯತಕಾಲಿಕ ಸೇರಬೇಕಾದರೆ ಸಾರಾಂಶ ಇಂಗ್ಲಿಷಿನಲ್ಲಿರಬೇಕು, ಉಲ್ಲೇಖಗಳು ರೋಮನ್ ಲಿಪಿಯಲ್ಲಿರಬೇಕು. ಓದಿದಿರಾ? ರೋಮನ್ ಲಿಪಿ! ಎರಡು ಸಾವಿರ ವರ್ಷದ ಭಾಷೆಗೆ ಬಾಗಿಲಲ್ಲೇ ತಡೆ.

ಇನ್ನು 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ತಂದ ಎಚ್-ಇಂಡೆಕ್ಸ್. ನಿಮ್ಮ 20 ಪ್ರಬಂಧಗಳು ತಲಾ 20 ಸಲವಾದರೂ ಉಲ್ಲೇಖವಾದರೆ ಅಂಕ 20. ಒಂದೇ ಪ್ರಬಂಧ ಬರೆದು ಜಗತ್ತನ್ನೇ ಅಲ್ಲಾಡಿಸಿದರೆ? ಅಂಕ 1! ನಮ್ಮ ಕೋಲಾರ ಜಿಲ್ಲೆಯನ್ನೇ ನೋಡಿ. 1965ರಲ್ಲಿ ಕೆ.ಜಿ.ಎಫ್. ಚಿನ್ನದ ಗಣಿಯೊಳಗೆ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಎಂ.ಜಿ.ಕೆ. ಮೆನನ್, ಬಿ.ವಿ. ಶ್ರೀಕಂಠನ್ ಮುಂತಾದವರು ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಸೇರಿ ಕಾಸ್ಮಿಕ್ ಕಿರಣಗಳಿಂದ ಹುಟ್ಟಿದ ನ್ಯೂಟ್ರಿನೋಗಳ ಸುಳಿವು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ಇನ್ನೊಂದು ತಂಡ ಹಿಡಿಯಿತು. ಅದಕ್ಕೂ ಮೊದಲು ಯಾರೂ ಹಿಡಿದಿರಲಿಲ್ಲ. ಅಂಥ ಪ್ರಬಂಧಕ್ಕೂ ಈ ಲೆಕ್ಕದಲ್ಲಿ ಸಿಗುವುದು ಒಂದೇ ಒಂದು. ಆ ಆಳಕ್ಕೆ ದಾರಿ ಕೊರೆದ ಗಣಿ ಕಾರ್ಮಿಕರ ಲೆಕ್ಕ ಬಿಡಿ, ಅದನ್ನು ಯಾವ ಭಂಡಾರವೂ ಇಟ್ಟಿಲ್ಲ.

ಈಗ ಹುತ್ತೂರು ಹೋಬಳಿಗೆ ಬನ್ನಿ. ನದಿ ಇಲ್ಲದ ಸೀಮೆ. ಟೊಮೆಟೊಗೆ ಬಿಳಿನೊಣದಿಂದ ಎಲೆಮುದುರು ರೋಗ. 2018ರಿಂದ ಕೋಲಾರದ ಕೆರೆಗಳಿಗೆ ಕೆ.ಸಿ. ವ್ಯಾಲಿಯ ನೀರು, ಅದೂ ಎರಡನೇ ಹಂತಕ್ಕೆ ಸಂಸ್ಕರಿಸಿ ಬಿಟ್ಟ ಬೆಂಗಳೂರಿನ ಕೊಳಚೆ. ಈ ನೀರು ಬೆಳೆಗೆ, ಬೋರ್‌ವೆಲ್ಲಿಗೆ ಏನು ಮಾಡುತ್ತದೆ ಅಂತ ಒಬ್ಬ ವಿಜ್ಞಾನಿ ವರ್ಷಗಟ್ಟಲೆ ಪರೀಕ್ಷೆ ಮಾಡಿ, ರೈತನಿಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ನಾಲ್ಕು ಪುಟ ಬರೆದರೆ ಪಟ್ಟಿಯಲ್ಲಿ ಸಿಗುವುದು ಸೊನ್ನೆ. ಅದನ್ನೇ ಇಂಗ್ಲಿಷಿನಲ್ಲಿ ಬರೆದು ಹತ್ತು ಜನ ಸ್ನೇಹಿತರು ಉಲ್ಲೇಖಿಸಿದರೆ ಹತ್ತು! ಹುತ್ತೂರಿನ ರೈತ ಉಲ್ಲೇಖ ಬರೆಯುವವನಲ್ಲವಲ್ಲ, ಬೆಳೆ ಬೆಳೆಯುವವನು.

ಬಿ.ಜಿ.ಎಲ್. ಸ್ವಾಮಿ ನೆನಪಿದ್ದಾರಾ? ಮುಳಬಾಗಿಲಿನ ಡಿ.ವಿ.ಜಿ. ಅವರ ಮಗ. ಹಾರ್ವರ್ಡಿನಲ್ಲಿ ಕೆಲಸ ಮಾಡಿ ಬಂದ ಸಸ್ಯವಿಜ್ಞಾನಿ. ಕನ್ನಡದ ಹುಡುಗರಿಗೆ ಗಿಡಮರಗಳ ಹುಚ್ಚು ಹಿಡಿಸಿದ 'ಹಸುರು ಹೊನ್ನು' ಬರೆದವರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಾಹಿತ್ಯದವರು ಎಣಿಸಿಕೊಂಡರು, ವಿಜ್ಞಾನದ ತಕ್ಕಡಿ ಇವತ್ತಿಗೂ ಎಣಿಸುವುದಿಲ್ಲ.

ಹಾಗಂತ ಲೆಕ್ಕವೇ ಬೇಡ ಅನ್ನುವ ಹುಂಬರು ನಾವಲ್ಲ. ಲೆಕ್ಕ ತೆಗೆದ ದಿನ ಜಾತಿ, ಶಿಫಾರಸು, ಸೂಟ್‌ಕೇಸು ಒಳಗೆ ಬಂದು ಕೂರುತ್ತವೆ, ಗೊತ್ತಿದೆ. ಅಯೊನಿಡಿಸ್ ಕೂಡ ತಮ್ಮನ್ನು ತಾವೇ ಉಲ್ಲೇಖಿಸಿಕೊಳ್ಳುವವರ ಆಟ ಬಯಲು ಮಾಡಲು ಬೇರೆ ಲೆಕ್ಕ ಕೊಟ್ಟಿದ್ದಾರೆ, ಒಪ್ಪೋಣ. ಆದರೆ 2015ರ ಲೈಡನ್ ಪ್ರಣಾಳಿಕೆಯಲ್ಲಿ ಯುರೋಪು, ಅಮೆರಿಕದ ತಜ್ಞರೇ ಹೇಳಿದರು: ಸ್ಥಳೀಯ ಸಂಶೋಧನೆಯನ್ನು ಇಂಗ್ಲಿಷ್ ಅಳತೆಗೋಲಿನಿಂದ ಕೊಲ್ಲಬೇಡಿ ಅಂತ. ಪರದೇಶದವರಿಗೆ ಹೊಳೆದದ್ದು ನಮ್ಮ ಕುಲಪತಿಗಳಿಗೆ ಯಾಕೆ ಹೊಳೆಯುವುದಿಲ್ಲ?

ತರುಣರೇ, ಕೂಗಿ ಗಂಟಲು ಹರಿದುಕೊಳ್ಳುವುದು ಆಮೇಲೆ. ಮೊದಲು ಟಮಕದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಹೋಗಿ, ಜಿ.ಕೆ.ವಿ.ಕೆ.ಗೆ ಹೋಗಿ. ನೇಮಕ, ಬಡ್ತಿಯ ಅಂಕ ಹಾಕುವಾಗ ಕನ್ನಡದಲ್ಲಿ ಬರೆದ ವಿಜ್ಞಾನಕ್ಕೆ ಎಷ್ಟು ಅಂಕ, ಅದನ್ನು ತೀರ್ಮಾನಿಸುವವರು ಯಾರು ಅಂತ ಕೇಳಿ. ಮಾಹಿತಿ ಹಕ್ಕಿನ ಅರ್ಜಿಗೆ ಬರೀ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಲೇಬೇಕು. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ.