ಕೃತ್ತಿಕೆಯ ಬೆಳಕನ್ನು ಅಳೆಯುವ ವಿದ್ಯೆ

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಒಕ್ಕಲುತನವು ಇಂದಿಗೂ ಮಳೆಗಳನ್ನು ನಕ್ಷತ್ರಗಳ ಹೆಸರಿನಿಂದಲೇ ಎಣಿಸುತ್ತದೆ. ಮೇ ತಿಂಗಳ 11ರ ಸುಮಾರಿಗೆ ಕೃತ್ತಿಕಾ ಮಳೆ ಕೂಡುತ್ತದೆ. 25ರ ಸುಮಾರಿಗೆ ರೋಹಿಣಿ, ಜುಲೈ 20ರ ಸುಮಾರಿಗೆ ಪುಷ್ಯ. ಸೂರ್ಯನು ತನ್ನ ಪಥದಲ್ಲಿ ಯಾವ ನಕ್ಷತ್ರದ ಪ್ರದೇಶವನ್ನು ಪ್ರವೇಶಿಸುವನೋ ಆ ನಕ್ಷತ್ರದ ಹೆಸರೇ ಆ ಕಾಲದ ಮಳೆಗೆ ಸಲ್ಲುವುದಾದುದರಿಂದ, ರೈತನು ರೋಹಿಣಿಯನ್ನು ನಂಬಿ ಕೂರಿಗೆ ಹೂಡುವ ದಿನಗಳಲ್ಲಿ ರೋಹಿಣಿಯು ಸೂರ್ಯಪ್ರಭೆಯಲ್ಲಿ ಅಡಗಿ ಯಾರ ಕಣ್ಣಿಗೂ ಬೀಳದೆ ಇರುತ್ತದೆ. ಅದನ್ನು ಇರುಳಿನ ಆರಂಭದಲ್ಲಿಯೇ ಕಾಣಬೇಕಾದರೆ ದೀಪಾವಳಿಯ ಅಮಾವಾಸ್ಯೆಯವರೆಗೆ ಕಾಯಬೇಕು. ಆಗ ರಾತ್ರಿಯ ಮೊದಲ ಜಾವದಲ್ಲಿಯೇ ಕೃತ್ತಿಕೆ ಮೂಡಣದಲ್ಲಿ ಏಳುತ್ತದೆ, ಅದರ ಬೆನ್ನಿಗೆ ರೋಹಿಣಿ ಬರುತ್ತದೆ, ನಡುರಾತ್ರಿಯ ಹೊತ್ತಿಗೆ ಪುಷ್ಯವೂ ದಿಗಂತವನ್ನು ದಾಟುತ್ತದೆ.

ನಮ್ಮ ಪಂಚಾಂಗಕ್ಕೂ ಹೊಲಕ್ಕೂ ಇಷ್ಟು ಆಪ್ತವಾಗಿರುವ ಈ ಮೂರು ಹೆಸರುಗಳು ಆಧುನಿಕ ಖಗೋಳವಿಜ್ಞಾನಕ್ಕೂ ಅಷ್ಟೇ ಆಪ್ತವಾಗಿರುವುದಕ್ಕೆ ಕಾರಣವುಂಟು. ಕೃತ್ತಿಕೆಯು ಸಾವಿರಕ್ಕೂ ಮಿಕ್ಕಿದ ತಾರೆಗಳ ಒಂದು ಗುಚ್ಛ. ನಮ್ಮ ಪೂರ್ವಿಕರು ಬಂಡಿಯ ಆಕಾರವನ್ನು ಕಂಡು ರೋಹಿಣೀಶಕಟವೆಂದು ಕರೆದ ತಾರಾಸಮೂಹವು ಇನ್ನೊಂದು ಗುಚ್ಛ. ಪುಷ್ಯದ ತಾರೆಗಳ ನಡುವೆ ಮಸುಕಾದ ಬೆಳ್ಮುಗಿಲಿನ ತುಣುಕಿನಂತೆ ತೋರುವುದು ಮೂರನೆಯದು. ಇಂತಹ ಗುಚ್ಛಗಳ ಒಂದೊಂದು ತಾರೆಯ ಕಾಂತಿಯನ್ನೂ ಬಣ್ಣವನ್ನೂ ಅಳೆದು ಅಂಕಿಗಳಲ್ಲಿ ಬರೆದಿಡುವ ವಿದ್ಯೆಯೊಂದಿದೆ. ನಕ್ಷತ್ರಗಳ ವಯಸ್ಸು, ದೂರ, ಆಯುಷ್ಯಗಳ ಕುರಿತು ಮನುಷ್ಯನು ಇಂದು ಧೈರ್ಯದಿಂದ ಹೇಳಬಲ್ಲ ಮಾತುಗಳಲ್ಲಿ ಬಹುಪಾಲು ಈ ವಿದ್ಯೆಯ ಫಲವಾಗಿರುವುದರಿಂದ, ಅದರ ಸ್ವರೂಪವನ್ನು ಕನ್ನಡ ಓದುಗರ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡುವುದು ಉಚಿತವೆಂದು ಭಾವಿಸಿದ್ದೇನೆ.

ಆಕಾಶವನ್ನು ನೋಡುವವನಿಗೆ ಎದುರಾಗುವ ಮೊದಲನೆಯ ವಂಚನೆ ದೂರದ್ದು. ಹತ್ತಿರದ ಮಂದ ತಾರೆಯು ಉಜ್ಜ್ವಲವಾಗಿ ತೋರಬಹುದು. ಸಹಸ್ರ ಸೂರ್ಯರ ತೇಜಸ್ಸುಳ್ಳ ತಾರೆಯು ಅತಿದೂರದಲ್ಲಿದ್ದು ಕಣ್ಣಿಗೆ ಬೀಳದೆಯೂ ಹೋಗಬಹುದು. ಗುಚ್ಛದಲ್ಲಿ ಈ ತೊಡಕು ನೀಗುತ್ತದೆ. ಅಲ್ಲಿಯ ತಾರೆಗಳೆಲ್ಲವೂ ಒಂದೇ ಮೇಘದಿಂದ, ಹೆಚ್ಚು ಕಡಮೆ ಒಂದೇ ಕಾಲದಲ್ಲಿ ಹುಟ್ಟಿ, ನಮ್ಮಿಂದ ಒಂದೇ ದೂರದಲ್ಲಿ ಇರುತ್ತವೆ. ಒಂದೇ ಹೊಲದಲ್ಲಿ, ಒಂದೇ ಹದದಲ್ಲಿ, ಒಂದೇ ದಿನ ಬಿತ್ತಿದ ಪೈರಿನಲ್ಲಿ ಒಂದು ಸಸಿ ಎತ್ತರವಾಗಿ ಇನ್ನೊಂದು ಗಿಡ್ಡವಾಗಿ ಬೆಳೆದಿದ್ದರೆ ಆ ಭೇದವನ್ನು ಬೀಜದಲ್ಲಿ ಹುಡುಕುವಂತೆ, ಗುಚ್ಛದ ಎರಡು ತಾರೆಗಳ ಕಾಂತಿಯಲ್ಲಿ ಕಂಡ ಭೇದಕ್ಕೆ ಅವುಗಳ ದ್ರವ್ಯರಾಶಿಯಲ್ಲಿಯೇ ಕಾರಣವನ್ನು ಹುಡುಕಬಹುದು. ತೌಲನಿಕ ಜ್ಞಾನಕ್ಕೆ ಬೇಕಾದ ಸಮಾನಭೂಮಿಯನ್ನು ಪ್ರಕೃತಿಯೇ ಇಲ್ಲಿ ಸಿದ್ಧಪಡಿಸಿ ಇಟ್ಟಿದೆ.

ಕಾಂತಿಯನ್ನು ಅಂಕಿಯಲ್ಲಿ ಹೇಳುವ ಪದ್ಧತಿಯನ್ನು ಗ್ರೀಕ್ ವಿದ್ವಾಂಸ ಹಿಪ್ಪಾರ್ಕಸನಿಗೆ ಆರೋಪಿಸುವುದು ವಾಡಿಕೆ. ಅತ್ಯಂತ ಉಜ್ಜ್ವಲವಾದವು ಒಂದನೆಯ ತರಗತಿ, ಕಣ್ಣಿಗೆ ಕಷ್ಟದಿಂದ ತೋರುವವು ಆರನೆಯ ತರಗತಿ ಎಂಬ ಆ ವಿಭಾಗಕ್ಕೆ ಗಣಿತದ ಖಚಿತತೆಯನ್ನು ಕೊಟ್ಟವನು ನಾರ್ಮನ್ ಪಾಗ್ಸನ್. ಐದು ತರಗತಿಗಳ ಅಂತರವೆಂದರೆ ಬೆಳಕಿನಲ್ಲಿ ಸರಿಯಾಗಿ ನೂರು ಪಟ್ಟಿನ ಅಂತರ, ಆದುದರಿಂದ ಒಂದು ತರಗತಿಯ ಅಂತರವು 2.512 ಪಟ್ಟು ಎಂದು ಅವನು 1856ರಲ್ಲಿ ಸೂಚಿಸಿದನು; ಇಂದಿಗೂ ಲೋಕವೆಲ್ಲ ಬಳಸುವ ಕಾಂತಿಮಾನದ ಅಳತೆ ಅದೇ. ಈ ಪಾಗ್ಸನ್ 1861ರಲ್ಲಿ ಮದರಾಸಿನ ವೀಕ್ಷಣಾಲಯಕ್ಕೆ ಬಂದು 1891ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ದುಡಿದನು. ಅವನ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು ದಕ್ಷಿಣಾಕಾಶದ ಒಂದು ತಾರೆಯ ಕಾಂತಿಯು ಏರಿಳಿಯುವುದನ್ನು 1867ರಲ್ಲಿ ಗುರುತಿಸಿದರು. ಆ ವೀಕ್ಷಣಾಲಯದ ಪರಂಪರೆಯು ಕೊಡೈಕನಾಲಿಗೆ ಸಾಗಿ, 1971ರಲ್ಲಿ ಭಾರತೀಯ ಖಭೌತ ಸಂಸ್ಥೆಯೆಂಬ ಸ್ವತಂತ್ರ ರೂಪವನ್ನು ತಾಳಿ, ಕೆಲವೇ ವರ್ಷಗಳಲ್ಲಿ ಬೆಂಗಳೂರನ್ನು ತನ್ನ ಕೇಂದ್ರವಾಗಿ ಮಾಡಿಕೊಂಡಿತು. ಕೋರಮಂಗಲದಲ್ಲಿರುವ ಆ ಸಂಸ್ಥೆಯಲ್ಲಿ ಇಂದು ತಾರಾಗುಚ್ಛಗಳನ್ನು ಅಳೆಯುವವರು ಪಾಗ್ಸನ್ನನ ಅಳತೆಗೋಲಿಗೂ ರಘುನಾಥಾಚಾರ್ಯರ ಶ್ರದ್ಧೆಗೂ ನೇರ ಉತ್ತರಾಧಿಕಾರಿಗಳು.

ಬಣ್ಣದ ಅಳತೆ ಇದಕ್ಕಿಂತ ಈಚಿನದು. ಒಂದೇ ತಾರೆಯ ಕಾಂತಿಮಾನವನ್ನು ಒಮ್ಮೆ ನೀಲಿ ಗಾಜಿನ ಮೂಲಕವೂ ಮತ್ತೊಮ್ಮೆ ಹಳದಿ-ಹಸಿರು ಬೆಳಕನ್ನು ಬಿಡುವ ಗಾಜಿನ ಮೂಲಕವೂ ಅಳೆದು, ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವ ಅಂಕಿಯೇ ವರ್ಣಾಂಕ. ಜಾನ್ಸನ್ ಮತ್ತು ಮಾರ್ಗನ್ ಎಂಬ ಅಮೆರಿಕದ ವಿಜ್ಞಾನಿಗಳು 1953ರಲ್ಲಿ ಇದಕ್ಕೆ ವ್ಯವಸ್ಥಿತ ರೂಪವನ್ನು ಕೊಟ್ಟರು. ನಮ್ಮ ಸೂರ್ಯನ ವರ್ಣಾಂಕ ಸುಮಾರು 0.65, ನೀಲಿ ಛಾಯೆಯ ಚಿತ್ತಾ ನಕ್ಷತ್ರದ್ದು ಸೊನ್ನೆಗಿಂತ ಕೆಳಗೆ, ಕಿತ್ತಳೆ ಬಣ್ಣದ ರೋಹಿಣಿಯದು ಸುಮಾರು 1.5, ಕೆಂಪಾದ ಆರ್ದ್ರೆಯದು ಅದಕ್ಕೂ ಹೆಚ್ಚು. ಈ ಅಂಕಿಯು ಅಲಂಕಾರಕ್ಕಾಗಿ ಇರುವುದಲ್ಲ. ಕಾದ ವಸ್ತುವಿನ ಬಣ್ಣವು ಅದರ ಉಷ್ಣತೆಯನ್ನು ಸಾರುವುದರಿಂದ, ವರ್ಣಾಂಕವನ್ನು ಬಲ್ಲವನು ಸೂರ್ಯನ ಮೇಲ್ಮೈಯಲ್ಲಿ 5,800 ಕೆಲ್ವಿನ್‌ನಷ್ಟು, ರೋಹಿಣಿಯಲ್ಲಿ 4,000ಕ್ಕೂ ಕಡಮೆ, ಚಿತ್ತೆಯಲ್ಲಿ 20,000ಕ್ಕೂ ಮಿಕ್ಕಿದ ಉಷ್ಣತೆ ಇರುವುದೆಂದು ಕುಳಿತಲ್ಲಿಂದಲೇ ಅರಿಯುತ್ತಾನೆ.

ಈಗ ಗುಚ್ಛವೊಂದರ ಪ್ರತಿಯೊಂದು ತಾರೆಗೂ ಎರಡೆರಡು ಅಂಕಿಗಳು ದೊರೆತವು. ವರ್ಣಾಂಕವನ್ನು ಅಡ್ಡಗೆರೆಯಲ್ಲಿಯೂ ಕಾಂತಿಮಾನವನ್ನು ಲಂಬಗೆರೆಯಲ್ಲಿಯೂ ಗುರುತಿಸಿ, ತಾರೆಗೊಂದರಂತೆ ಚುಕ್ಕೆಯಿಡುತ್ತ ಹೋದರೆ ಚುಕ್ಕೆಗಳು ಚೆಲ್ಲಾಪಿಲ್ಲಿಯಾಗದೆ, ನೀಲ ಉಜ್ಜ್ವಲ ತಾರೆಗಳಿಂದ ಕೆಂಪು ಮಂದ ತಾರೆಗಳವರೆಗೆ ಓರೆಯಾಗಿ ಇಳಿಯುವ ಒಂದು ಪಟ್ಟಿಯಲ್ಲಿ ಸಾಲುಗೂಡುತ್ತವೆ. ಇದಕ್ಕೆ ಪ್ರಧಾನ ಶ್ರೇಣಿಯೆಂದು ಹೆಸರು. ಡೆನ್ಮಾರ್ಕಿನ ಹರ್ಟ್ಸ್‌ಸ್ಪ್ರಂಗ್ 1911ರಲ್ಲಿ ಪ್ರಕಟಿಸಿದ ಇಂತಹ ಚಿತ್ರಗಳು ಬೇರೆ ಯಾವುವೂ ಅಲ್ಲ, ನಮ್ಮ ಕೃತ್ತಿಕೆ ಮತ್ತು ರೋಹಿಣೀಶಕಟಗಳವೇ. ಈ ಚಿತ್ರದಲ್ಲಿ ವಯಸ್ಸು ಬರೆದಿರುತ್ತದೆ. ಹೆಚ್ಚು ದ್ರವ್ಯರಾಶಿಯ ತಾರೆಯು ತನ್ನ ಇಂಧನವನ್ನು ಅತಿವೇಗದಿಂದ ವ್ಯಯಮಾಡುವುದರಿಂದ ಬೇಗನೆ ಮುಗಿಯುತ್ತದೆ. ಸೂರ್ಯನ ಆಯುಷ್ಯ ಸುಮಾರು 1,000 ಕೋಟಿ ವರ್ಷಗಳಾದರೆ, ಅವನ ಹತ್ತು ಪಟ್ಟು ದ್ರವ್ಯರಾಶಿಯುಳ್ಳದ್ದು ಕೆಲವೇ ಕೋಟಿ ವರ್ಷಗಳಲ್ಲಿ ಅವಸಾನ ಹೊಂದುತ್ತದೆ. ಆದುದರಿಂದ ಕಾಲ ಕಳೆದಂತೆ ಶ್ರೇಣಿಯ ನೀಲಿ ತುದಿ ಸವೆಯುತ್ತ, ಅಲ್ಲಿದ್ದ ತಾರೆಗಳು ಉಬ್ಬಿ ಕೆಂಪು ದೈತ್ಯಗಳಾಗಿ ಬದಿಗೆ ಸರಿಯುತ್ತವೆ. ಶ್ರೇಣಿಯು ಎಲ್ಲಿ ತಿರುವು ಪಡೆದಿದೆಯೆಂಬುದನ್ನು ನೋಡಿ ಗುಚ್ಛದ ವಯಸ್ಸನ್ನು ಹೇಳಬಹುದು. ಕೃತ್ತಿಕೆಯ ಉಜ್ಜ್ವಲ ತಾರೆಗಳೆಲ್ಲ ಇನ್ನೂ ನೀಲವಾಗಿವೆ. ಅದರ ವಯಸ್ಸು ಹತ್ತು ಹನ್ನೆರಡು ಕೋಟಿ ವರ್ಷ. ರೋಹಿಣೀಶಕಟದಲ್ಲಿ ಹಳದಿ-ಕಿತ್ತಳೆಯ ದೈತ್ಯಗಳು ಆಗಲೇ ಮೂಡಿವೆ. ಅದರ ವಯಸ್ಸು ಆರೇಳು ಪಟ್ಟಿನಷ್ಟು ಹೆಚ್ಚು. ಒಂದರ ಹಿಂದೊಂದು ಏಳುವ ಈ ಎರಡು ಸಮೂಹಗಳ ಬಣ್ಣದ ಭೇದವನ್ನು ಒಂದು ಸಾಧಾರಣ ದುರ್ಬೀನಿನಿಂದಲೇ ಯಾರಾದರೂ ಕಂಡುಕೊಳ್ಳಬಹುದು.

ತತ್ತ್ವವು ಇಷ್ಟು ಸರಳವಾದರೂ ಆಚರಣೆ ಕಠಿನವಾದುದು. ರೋಹಿಣೀಶಕಟದ ನಡುವೆ ಅತ್ಯಂತ ಉಜ್ಜ್ವಲವಾಗಿ ತೋರುವ ರೋಹಿಣಿಯೇ ಆ ಗುಚ್ಛಕ್ಕೆ ಸೇರಿದುದಲ್ಲ. ಗುಚ್ಛವು ಸುಮಾರು 150 ಜ್ಯೋತಿರ್ವರ್ಷಗಳ ದೂರದಲ್ಲಿದ್ದರೆ ರೋಹಿಣಿ 65ರಲ್ಲಿಯೇ ನಿಂತಿದೆ. ಹೀಗೆ ನಡುವೆ ಬಂದು ನಿಂತ ಹೊರಗಿನವರನ್ನು ಅವುಗಳ ಚಲನೆಯಿಂದ ಗುರುತಿಸಿ ಬೇರ್ಪಡಿಸದೆ ಲೆಕ್ಕ ಹಿಡಿದರೆ ಚಿತ್ರವೇ ಕೆಡುತ್ತದೆ. ನಡುವಣ ಧೂಳು ಬೆಳಕನ್ನು ಕುಗ್ಗಿಸಿ ಕೆಂಪಾಗಿಸುವುದೆಂಬುದನ್ನು 1930ರಲ್ಲಿ ಖಗೋಳವಿಜ್ಞಾನಿ ಟ್ರಂಪ್ಲರ್ ಸ್ಥಾಪಿಸಿದ್ದೂ ಗುಚ್ಛಗಳ ಅಧ್ಯಯನದಿಂದಲೇ; ಆ ಕುಂದನ್ನೂ ತುಂಬಿಕೊಡಬೇಕು. ಇನ್ನು ಭೂಮಿಯ ವಾಯುಮಂಡಲ. ಚೈತ್ರ ವೈಶಾಖಗಳ ರಾತ್ರಿ ಹಾನಗಲ್ಲಿನಿಂದಲೂ ಹಿರೇಕೆರೂರಿನಿಂದಲೂ ದಕ್ಷಿಣಕ್ಕೆ ನೋಡಿದರೆ, ದಿಗಂತದಿಂದ ಸುಮಾರು 28 ಅಂಶ ಎತ್ತರದಲ್ಲಿ, ಮಂಜು ಕವಿದ ಒಂದೇ ತಾರೆಯಂತೆ ಒಮೆಗಾ ಸೆಂಟಾರಿ ಎಂಬ ಗೋಳಗುಚ್ಛವು ತೋರುತ್ತದೆ. ಲಕ್ಷಾಂತರ ತಾರೆಗಳನ್ನು ಒಡಲಲ್ಲಿಟ್ಟುಕೊಂಡು, ಸುಮಾರು 17,000 ಜ್ಯೋತಿರ್ವರ್ಷಗಳಾಚೆ ಇರುವ ಅದು ಯೂರೋಪಿನ ಬಹುಭಾಗಕ್ಕೆ ಎಂದೂ ಉದಯಿಸುವುದಿಲ್ಲ; ಲಡಾಖಿನ ಹಾನ್ಲೆಯಲ್ಲಿಯೂ ಹತ್ತು ಅಂಶಕ್ಕಿಂತ ಮೇಲೇರುವುದಿಲ್ಲ. ನಮ್ಮ ಪಾಲಿಗೆ ಅದು ದೊರೆತಿರುವುದು ಸುಕೃತವೇ ಸರಿ. ಆದರೂ ಆ ಎತ್ತರದಲ್ಲಿ ಅದರ ಬೆಳಕು ನೆತ್ತಿಯ ಮೇಲಿನ ತಾರೆಯ ಬೆಳಕಿಗಿಂತ ಎರಡು ಪಟ್ಟು ಗಾಳಿಯನ್ನು ಹಾದು ಬರುವುದರಿಂದ, ನೀಲಿಯನ್ನು ಹೆಚ್ಚಾಗಿಯೂ ಕೆಂಪನ್ನು ಕಡಮೆಯಾಗಿಯೂ ಕಳೆದುಕೊಂಡಿರುತ್ತದೆ. ಎಷ್ಟು ಕಳೆದುಹೋಯಿತೆಂಬುದನ್ನು, ಕಾಂತಿಮಾನವು ಖಚಿತವಾಗಿ ತಿಳಿದಿರುವ ಪ್ರಮಾಣತಾರೆಗಳನ್ನು ಅದೇ ರಾತ್ರಿ ಬೇರೆ ಬೇರೆ ಎತ್ತರಗಳಲ್ಲಿ ಅಳೆದು ನಿರ್ಣಯಿಸಬೇಕು. ಗುಚ್ಛದ ಗರ್ಭದಲ್ಲಿ ತಾರೆಗಳ ಬಿಂಬಗಳು ಒಂದರ ಮೇಲೊಂದು ಬಿದ್ದಿರುವಾಗ, ಒಂಟಿ ತಾರೆಯ ಬಿಂಬ ಹೇಗಿರುವುದೆಂಬುದನ್ನು ಮೊದಲು ಅರಿತು, ಆ ಮಾದರಿಯಿಂದ ಯಾವ ಬೆಳಕು ಯಾರದೆಂದು ಗಣಕಯಂತ್ರದಿಂದ ಬಿಡಿಸಬೇಕು.

ಇಷ್ಟು ಎಚ್ಚರದಿಂದ ಮಾಡಿದ ಅಳತೆಗೆ ಎಂತಹ ಬಲವಿದೆಯೆಂಬುದಕ್ಕೆ ಕೃತ್ತಿಕೆಯ ದೂರದ ಇತಿಹಾಸವೇ ಸಾಕ್ಷಿ. ಅದರ ಪ್ರಧಾನ ಶ್ರೇಣಿಯನ್ನು ದೂರ ತಿಳಿದಿರುವ ತಾರೆಗಳ ಶ್ರೇಣಿಯೊಡನೆ ಹೊಂದಿಸಿ ವಿಜ್ಞಾನಿಗಳು ಸುಮಾರು 430 ಜ್ಯೋತಿರ್ವರ್ಷಗಳೆಂದು ಹೇಳುತ್ತ ಬಂದಿದ್ದರು. 1997ರಲ್ಲಿ ಯೂರೋಪಿನ ಹಿಪ್ಪಾರ್ಕಾಸ್ ಉಪಗ್ರಹದ ಗಣನೆ ಪ್ರಕಟವಾದಾಗ ಆ ದೂರವು 390ಕ್ಕೂ ಕೆಳಗಿಳಿಯಿತು. ತಾರೆಗಳ ಸ್ಥಾನವನ್ನು ಆಕಾಶದಿಂದಲೇ ಅಳೆದ ಯಂತ್ರದ ಮಾತನ್ನು ಅಲ್ಲಗಳೆಯುವುದು ಸುಲಭವಾಗಿರಲಿಲ್ಲ. ಅದು ನಿಜವಾಗಿದ್ದರೆ ತಾರೆಗಳ ಅಂತರಂಗದ ಕುರಿತ ನಮ್ಮ ತಿಳಿವಳಿಕೆಯನ್ನೇ ತಿದ್ದಬೇಕಾಗುತ್ತಿತ್ತು. ಆದರೆ 2014ರಲ್ಲಿ, ಭೂಮಿಯ ಮೇಲೆ ಬಹುದೂರ ಹರಡಿ ಒಂದಾಗಿ ದುಡಿಯುವ ರೇಡಿಯೋ ದೂರದರ್ಶಕಗಳು ಸುಮಾರು 444 ಎಂದವು. ಅನಂತರ ಗಾಯಾ ಉಪಗ್ರಹವೂ ಅದನ್ನೇ ಸಮರ್ಥಿಸಿತು. ಕಾಂತಿ ಮತ್ತು ವರ್ಣಗಳ ಅಳತೆಯನ್ನು ನಂಬಿದವರ ಮಾತು ನಿಂತಿತು.

ನಮ್ಮ ನಾಡಿನವರು ಈ ವಿದ್ಯೆಗೆ ಸಲ್ಲಿಸಿದ ಕಾಣಿಕೆಯೂ ಸ್ಮರಣೀಯವಾದುದು. ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಹತ್ತಿರದ ಹೊಸಕೋಟೆಯಿಂದಲೇ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ವಾಯುಮಂಡಲವು ತಡೆಯುವ ಅತಿನೇರಳೆ ಬೆಳಕನ್ನು ಅಳೆಯಲೆಂದು ಸಿದ್ಧವಾದ ಉಪಕರಣವು 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದೊಡನೆ ಮೇಲೇರಿ, ನವೆಂಬರ್ 30ರಂದು ಕಣ್ದೆರೆದಾಗ ಮೊದಲು ನೋಡಿದ್ದು ಎನ್‌ಜಿಸಿ 188 ಎಂಬ ತಾರಾಗುಚ್ಛವನ್ನು. ಧ್ರುವಬಿಂದುವಿಗೆ ಸುಮಾರು ಐದು ಅಂಶಗಳಷ್ಟು ಸಮೀಪದಲ್ಲಿರುವ ಈ ಮುದಿಗುಚ್ಛದ ವಯಸ್ಸು ಸುಮಾರು 700 ಕೋಟಿ ವರ್ಷ. ಇಷ್ಟು ವಯಸ್ಸಾದ ಗುಚ್ಛದಲ್ಲಿ ನೀಲ ತಾರೆಗಳೆಲ್ಲ ಮುಗಿದಿರಬೇಕಾದರೂ ಕೆಲವು ಇನ್ನೂ ಶ್ರೇಣಿಯ ಮೇಲ್ತುದಿಯಲ್ಲಿ ಉಳಿದಿರುತ್ತವೆ. 1953ರಲ್ಲಿ ಖಗೋಳವಿಜ್ಞಾನಿ ಸ್ಯಾಂಡೇಜ್ ಬೇರೊಂದು ಗುಚ್ಛದಲ್ಲಿ ಗುರುತಿಸಿದಂದಿನಿಂದ ಇವು ವಿದ್ವಾಂಸರಿಗೆ ಒಗಟಾಗಿದ್ದವು. ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಅವರ ಸಂಗಡಿಗರು ಎನ್‌ಜಿಸಿ 188ರ ಇಂತಹ ತಾರೆಯೊಂದರ ಬೆಳಕನ್ನು ಹಲವು ಬಣ್ಣಗಳಲ್ಲಿ ಅಳೆದು ಕೂಡಿಸಿ ನೋಡಿದಾಗ, 6,000 ಡಿಗ್ರಿಯ ಆ ತಾರೆಯಿಂದ ಬರಲಾರದಷ್ಟು ಅತಿನೇರಳೆ ಬೆಳಕು ಅಲ್ಲಿತ್ತು. ಪಕ್ಕದಲ್ಲಿ ಸುಮಾರು 17,000 ಡಿಗ್ರಿಯ ಬಿಸಿ ಸಂಗಾತಿಯೊಂದು ಅಡಗಿರುವುದೆಂದು 2016ರಲ್ಲಿ ಅವರು ಪ್ರಕಟಿಸಿದರು. ತನ್ನ ಹೊರಪದರದ ದ್ರವ್ಯವನ್ನು ಆ ನೀಲ ತಾರೆಗೆ ಧಾರೆಯೆರೆದು ಅದಕ್ಕೆ ಯೌವನವನ್ನು ಮರಳಿ ಕೊಟ್ಟದ್ದು ಈ ಸಂಗಾತಿಯೇ. ಈ ಬಗೆಯ ತಾರೆಗಳು ಹೇಗೆ ಹುಟ್ಟುವುವೆಂಬ ವಾದಕ್ಕೆ ಹೀಗೊಂದು ಪ್ರತ್ಯಕ್ಷ ಪ್ರಮಾಣ ದೊರೆಯಿತು. ಆ ವಿದುಷಿಯು 2019ರಲ್ಲಿ ಖಭೌತ ಸಂಸ್ಥೆಯ ನಿರ್ದೇಶಕಿಯಾದರು.

ಮುಟ್ಟಲಾಗದ, ಹೋಗಿ ನೋಡಲಾಗದ ವಸ್ತುಗಳ ಹುಟ್ಟು, ಬಾಳು, ಅಳಿವುಗಳನ್ನು ಎರಡು ಅಂಕಿಗಳಿಂದ ಅರಿಯಬಹುದಾದುದು ಮನುಷ್ಯಬುದ್ಧಿಯ ಮಹತ್ಸಾಧನೆಗಳಲ್ಲಿ ಒಂದೆಂದು ನಾನು ದೃಢವಾಗಿ ನಂಬುತ್ತೇನೆ. ಆ ಸಾಧನೆಯ ಬೇರು ಇರುವುದು ಸಮಾನರನ್ನು ಮಾತ್ರ ಹೋಲಿಸುವ ವಿವೇಕದಲ್ಲಿ, ಹೊರಗಿನದನ್ನು ಬೇರ್ಪಡಿಸುವ ತಾಳ್ಮೆಯಲ್ಲಿ, ತನ್ನ ಕಣ್ಣಿಗೂ ತಾರೆಗೂ ನಡುವೆ ಏನೇನಿದೆಯೆಂಬುದನ್ನು ಮರೆಯದ ಪ್ರಾಮಾಣಿಕತೆಯಲ್ಲಿ. ಇವು ವಿಜ್ಞಾನಿಗೆ ಮಾತ್ರ ಬೇಕಾದ ಗುಣಗಳಲ್ಲ. ಶಾಲೆಯ ಮಕ್ಕಳಿಗೆ ಚಿಕ್ಕಂದಿನಿಂದಲೇ ಅಭ್ಯಾಸವಾಗಬೇಕಾದ ಗುಣಗಳು.

ಅದಕ್ಕೆ ಬೆಲೆಬಾಳುವ ಯಂತ್ರಗಳು ಬೇಕಾಗಿಲ್ಲ. ಕೃತ್ತಿಕೆಯ ಆರು ಉಜ್ಜ್ವಲ ತಾರೆಗಳು 2.9ರಿಂದ 4.3ರವರೆಗಿನ ಕಾಂತಿಮಾನದವು, ಏಳನೆಯದು 5ರ ಆಸುಪಾಸಿನದು, ಒಂಬತ್ತನೆಯದು 5.7ರ ಹತ್ತಿರದ್ದು. ಆದುದರಿಂದ ಬರಿಗಣ್ಣಿಗೆ ಎಷ್ಟು ತೋರುತ್ತವೆಯೆಂದು ಎಣಿಸಿದವನು ತನ್ನ ಊರಿನ ಆಕಾಶದ ಸ್ವಚ್ಛತೆಯನ್ನೇ ಅಳೆದಂತಾಗುತ್ತದೆ. ಈ ನಾಲ್ಕು ತಾಲ್ಲೂಕುಗಳ ಶಿಕ್ಷಕರು ದೀಪಾವಳಿಯ ಆಸುಪಾಸಿನ ಬೆಳದಿಂಗಳಿಲ್ಲದ ಒಂದು ರಾತ್ರಿ, ಕೃತ್ತಿಕೆಯು ಸಾಕಷ್ಟು ಮೇಲೇರಿದ ಅನಂತರ, ಮಕ್ಕಳನ್ನು ಊರ ಹೊರಗೆ ನಿಲ್ಲಿಸಿ ಎಣಿಸಲು ಹೇಳಲಿ. ಒಬ್ಬೊಬ್ಬ ಮಗುವಿನ ಎಣಿಕೆಯನ್ನೂ ದಿನಾಂಕ, ಹೊತ್ತು, ಸ್ಥಳಗಳೊಡನೆ ಒಂದು ವಹಿಯಲ್ಲಿ ಬರೆಸಲಿ. ಪ್ರತಿವರ್ಷವೂ ಅದೇ ಸ್ಥಳದಿಂದ ಮತ್ತೆ ಎಣಿಸಲಿ. ಹಾನ್ಲೆಯ ಸುತ್ತಣ ಹಳ್ಳಿಗಳು 2022ರಿಂದ ತಮ್ಮ ಕತ್ತಲೆಯನ್ನು ಕಾಪಾಡುವ ನಿಯಮಕ್ಕೆ ಒಳಪಟ್ಟಿವೆ. ನಮ್ಮ ಗ್ರಾಮಪಂಚಾಯಿತಿಗಳೂ ಬೀದಿದೀಪಗಳಿಗೆ ಮೇಲ್ಮುಚ್ಚಳವಿಟ್ಟು ಬೆಳಕನ್ನು ನೆಲದ ಕಡೆಗೆ ತಿರುಗಿಸಿದರೆ ಸಾಕು, ದಾರಿಯೂ ಬೆಳಗುತ್ತದೆ, ಆಕಾಶವೂ ಉಳಿಯುತ್ತದೆ. ಈ ವರ್ಷದಿಂದಲೇ ಈ ಎರಡು ಕೆಲಸಗಳನ್ನು ಕೈಗೊಳ್ಳಬೇಕೆಂದು ಓದುಗರನ್ನು ಪ್ರಾರ್ಥಿಸುತ್ತೇನೆ.