ಪ್ರಶ್ನೆಯನ್ನು ಓದುಗನ ಕೈಗೆ ಕೊಟ್ಟ ಪತ್ರಿಕೆ

ತತ್ತ್ವಶಾಸ್ತ್ರದ ಗಹನ ವಿಚಾರಗಳನ್ನು ಜನಸಾಮಾನ್ಯರ ಮುಂದಿಡಬಹುದೇ? ಈ ಚರ್ಚೆ ಇಂದಿನದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕೊರ್ಡೋವಾದ ಕಾಝಿಯಾಗಿದ್ದ ಇಬ್ನು ರುಶ್ದ್ ‘ಫಸ್ಲುಲ್ ಮಕಾಲ್’ ಗ್ರಂಥದಲ್ಲಿ ಇದಕ್ಕೆ ಖಚಿತ ಉತ್ತರ ನೀಡಿದ್ದರು. ಸಾಮರ್ಥ್ಯವುಳ್ಳವರಿಗೆ ತತ್ತ್ವಶಾಸ್ತ್ರದ ಅಧ್ಯಯನ ಕಡ್ಡಾಯ. ಆದರೆ ಅದರ ಗೂಢ ವ್ಯಾಖ್ಯಾನಗಳನ್ನು ಸಾಮಾನ್ಯರು ಓದುವ ಪುಸ್ತಕಗಳಲ್ಲಿ ಬರೆಯಕೂಡದು. ಹಾಗೆ ಬರೆದುದಕ್ಕಾಗಿ ಅವರು ಇಮಾಮ್ ಗಝ್ಝಾಲಿಯವರನ್ನು ಆಕ್ಷೇಪಿಸಿದರು. ಮದ್ರಸದಲ್ಲಿ ಮನ್ತಿಕ್ ಓದುತ್ತಿದ್ದಾಗ ನನಗೂ ಇಬ್ನು ರುಶ್ದ್‌ರ ಮಾತೇ ಸರಿಯೆನಿಸಿತ್ತು. ಅರೆಬೆಂದವನ ಕೈಗೆ ತರ್ಕ ಸಿಕ್ಕರೆ ಏನಾಗುತ್ತದೆಂಬುದನ್ನು ನಾನು ಊಟದ ಸಾಲಿನಲ್ಲೇ ದಿನನಿತ್ಯ ಕಾಣುತ್ತಿದ್ದೆ.

ಈ ಅಭಿಪ್ರಾಯವನ್ನು ಅಲುಗಾಡಿಸಿದ್ದು ಇಂಗ್ಲೆಂಡಿನ ಒಂದು ಪತ್ರಿಕೆ. 1991ರಲ್ಲಿ ರಿಕ್ ಲೂಯಿಸ್ ಎಂಬವರು ಇಪ್ಸ್‌ವಿಚ್ ಪಟ್ಟಣದಿಂದ ‘ಫಿಲಾಸಫಿ ನೌ’ ಆರಂಭಿಸಿದರು. ಅದು ವಿದ್ವಾಂಸರು ವಿದ್ವಾಂಸರಿಗಾಗಿ ಬರೆಯುವ ಸಂಶೋಧನಾ ಪತ್ರಿಕೆಯಲ್ಲ. ಅಂಗಡಿಯಲ್ಲಿ ಇತರ ನಿಯತಕಾಲಿಕಗಳ ಜೊತೆಗೆ ತೂಗುವಂಥದ್ದು. ತ್ರೈಮಾಸಿಕವಾಗಿದ್ದುದು ಮುಂದೆ ದ್ವೈಮಾಸಿಕವಾಯಿತು. ಮೂರು ದಶಕಗಳು ಕಳೆದಿವೆ. ಅಲ್-ಕಿಂದಿಯ ಬಗ್ಗೆ ಗ್ರಂಥ ಬರೆದ ಪೀಟರ್ ಆಡಮ್ಸನ್ ಅದರಲ್ಲಿ ತತ್ತ್ವಶಾಸ್ತ್ರದ ಚರಿತ್ರೆಯ ಕುರಿತು ಅಂಕಣ ಬರೆದಿದ್ದಾರೆ. ನಮ್ಮ ಪೂರ್ವಿಕರ ಚಿಂತನೆಯನ್ನು ನಮ್ಮ ಪದವೀಧರ ಯುವಕರು ಇಂಗ್ಲಿಷರ ಪತ್ರಿಕೆಯಲ್ಲಿ ಮೊದಲ ಬಾರಿ ಓದುವಂತಾದರೆ ದೂರಬೇಕಾದುದು ಯಾರನ್ನು?

ಆ ಪತ್ರಿಕೆಯ ಒಂದು ವಿಭಾಗ ನನ್ನನ್ನು ಬಹಳವಾಗಿ ಕಾಡಿದೆ. ನಮ್ಮ ಪತ್ರಿಕೆಗಳಲ್ಲಿ ಓದುಗರು ಪ್ರಶ್ನೆ ಕಳುಹಿಸುತ್ತಾರೆ, ವಿದ್ವಾಂಸರು ಉತ್ತರಿಸುತ್ತಾರೆ. ಅಲ್ಲಿ ಸಂಪಾದಕರೇ ಪ್ರಶ್ನೆಯೊಂದನ್ನು ಮುಂದಿಡುತ್ತಾರೆ. ಓದುಗರು ನಾನೂರು ಪದಗಳೊಳಗೆ ಉತ್ತರ ಬರೆಯಬೇಕು. ಆಯ್ದ ಉತ್ತರಗಳು ಅಚ್ಚಾಗುತ್ತವೆ, ಬರೆದವರಿಗೆ ಬಹುಮಾನವಾಗಿ ಒಂದು ಪುಸ್ತಕ. ಫಿಕ್‌ಹ್‌ನ ಮಸ್‌ಅಲಾಗಳಿಗೆ ಈ ಕ್ರಮ ಸಲ್ಲದು, ಒಪ್ಪುತ್ತೇನೆ. ಆದರೆ ಬದುಕಿನ ಪ್ರಶ್ನೆಗಳೆಲ್ಲವೂ ಮಸ್‌ಅಲಾಗಳೇ?

ಇನ್ನೊಂದು ಪ್ರಸಂಗ. ಅಮೆರಿಕದ ಪ್ರಾಧ್ಯಾಪಕ ಜೋಯೆಲ್ ಮಾರ್ಕ್ಸ್ ವರ್ಷಗಟ್ಟಲೆ ಅಲ್ಲಿ ನೈತಿಕತೆಯ ಅಂಕಣ ಬರೆದವರು. 2010ರಲ್ಲಿ ಅವರು, ತನಗೆ ನೈತಿಕತೆಯಲ್ಲೇ ನಂಬಿಕೆ ಉಳಿದಿಲ್ಲವೆಂದು ಅದೇ ಓದುಗರ ಮುಂದೆ ಘೋಷಿಸಿದರು. ಅವರ ವಾದ ಸರಳ. ದೇವನಿಲ್ಲದೆ ನೈತಿಕತೆಗೆ ಬುನಾದಿಯಿಲ್ಲವೆಂದು ಧಾರ್ಮಿಕರು ಹೇಳುವುದು ಸರಿ. ಆದರೆ ತಾನು ನಾಸ್ತಿಕ. ಆದ್ದರಿಂದ ತನ್ನ ಪಾಲಿಗೆ ಒಳಿತು-ಕೆಡುಕುಗಳಿಲ್ಲ, ಅಪೇಕ್ಷೆಗಳು ಮಾತ್ರ ಇವೆ. ಹಾಗೆಂದು ಅವರೇನೂ ಕಳ್ಳರಾಗಲಿಲ್ಲ. ಪ್ರಾಣಿಹಿಂಸೆಯನ್ನು ಮೊದಲಿನಂತೆಯೇ ವಿರೋಧಿಸುತ್ತ ಬಂದರು. ಈ ವಾದದ ಮೊದಲ ವಾಕ್ಯವನ್ನು ನಾವು ಶುಕ್ರವಾರದ ಪ್ರವಚನಗಳಲ್ಲಿ ಅದೆಷ್ಟು ಸಲ ಕೇಳಿಲ್ಲ! ಅದರ ಭಾರ ನನಗೆ ತಟ್ಟಿದ್ದು ನಾಸ್ತಿಕನೊಬ್ಬನ ಬರಹದಿಂದ. ಪತ್ರಿಕೆಯು ಓದುಗರ ಹಿತದ ನೆಪವೊಡ್ಡಿ ಅದನ್ನು ತಡೆದಿದ್ದರೆ ಆ ಭಾರವೂ ತಟ್ಟುತ್ತಿರಲಿಲ್ಲ.

ಗಝ್ಝಾಲಿಯವರು ಎದುರಾಳಿಗಳ ವಾದವನ್ನು ಖಂಡಿಸುವ ಮುನ್ನ ಅದನ್ನು ‘ಮಕಾಸಿದುಲ್ ಫಲಾಸಿಫಾ’ದಲ್ಲಿ ಎಷ್ಟು ವಿಶದವಾಗಿ ನಿರೂಪಿಸಿದರೆಂದರೆ, ಅದರ ಲ್ಯಾಟಿನ್ ಅನುವಾದ ಓದಿದ ಯುರೋಪಿಯನ್ನರು ಅವರನ್ನೇ ಆ ಪಂಥದ ತತ್ತ್ವಜ್ಞಾನಿಯೆಂದು ಭಾವಿಸಿದರು. ಇಬ್ನು ರುಶ್ದ್‌ರ ಗತಿಯೇನಾಯಿತು? 1195ರಲ್ಲಿ ಅವರನ್ನು ಗಡೀಪಾರು ಮಾಡಿ, ಅವರ ತತ್ತ್ವಗ್ರಂಥಗಳನ್ನು ಸುಡಲಾಯಿತು. ಅದಕ್ಕೆ ರಾಜಕೀಯ ಕಾರಣಗಳು ಇದ್ದಿರಬಹುದು. ಆದರೆ ಜನರನ್ನು ಬಾಗಿಲ ಹೊರಗೆ ನಿಲ್ಲಿಸಿದ ವಿದ್ಯೆಯ ಪರವಾಗಿ ಜನರೇಕೆ ನಿಂತಾರು ಎಂದೇ ನನಗೆ ಅನಿಸುತ್ತದೆ.

ಈ ಪತ್ರಿಕೆ ಇಂಗ್ಲಿಷಿನಲ್ಲಿದೆ, ದುಬಾರಿ, ಅದರ ಒಲವು ಬಹುಪಾಲು ಪಾಶ್ಚಾತ್ಯ ಚಿಂತನೆಯತ್ತ. ನಮ್ಮ ಮನೆಗಳಿಗೆ ಅದನ್ನೇ ತರಿಸಿರೆಂದು ನಾನು ಹೇಳಲಾರೆ. ಹೇಳಬೇಕಾದುದು ನನ್ನ ಮನೆಯದೇ ಒಂದು ಮಾತು. ಪಿಯುಸಿ ಓದುವ ಅಣ್ಣನ ಮಗಳು ಒಮ್ಮೆ, “ಚಾಚಾ, ದೇವಭಯವೇ ಇಲ್ಲದವರು ಕೂಡ ಪ್ರಾಮಾಣಿಕರಾಗಿರುತ್ತಾರಲ್ಲ, ಅದು ಹೇಗೆ?” ಎಂದು ಕೇಳಿದಳು. ಇಂತಹ ಪ್ರಶ್ನೆ ಕೇಳಬಾರದೆಂದು ಗದರಿದ್ದು ಬೇರಾರೂ ಅಲ್ಲ, ತತ್ತ್ವಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದಿ ಬಿ.ಎ. ಮುಗಿಸಿದ ನಾನೇ. ಕಳೆದ ವಾರ ಮಾರ್ಕ್ಸ್‌ರ ಆ ಲೇಖನದ ಪ್ರತಿಯನ್ನು ಅವಳಿಗೆ ಕೊಟ್ಟು, ಅವರ ವಾದ ಎಲ್ಲಿ ಮುಗ್ಗರಿಸುತ್ತದೆಂದು ಬರೆದು ತೋರಿಸಲು ಹೇಳಿದ್ದೇನೆ. ಎರಡು ಹಾಳೆ ತುಂಬಿವೆಯಂತೆ, ಇನ್ನೂ ಮುಗಿದಿಲ್ಲವಂತೆ.